ಟೈಲರ್ ಮನೆ ಆರು ರಾಣೀರು

ಉಣ್ಸೂರಲ್ಲಿ ನಾವಿದ್ದ ಬೀದೀಲಿ ವಾರಕ್ಕೊಂದಾದ್ರೂ ನಗೋ ಅಂತಾದ್ದು ಆಗ್ಲೇಬೇಕು. ಆಗ್ನಿಲ್ಲ ಅಂದ್ರೆ ನಂಗೆ ಮುದ್ದೆ ಗಂಟ್ಲಲ್ಲಿ ಇಳೀತಿರ್ನಿಲ್ಲ. ಆ ನಗೇಲಿ ಮುಕ್ಕಾಲ್ ಪಾಲು ಪಕ್ಕದ್ ಮನೆ ಟೈಲರ್ ಇಂದ ಬಂದಿದ್ದು. ಮಿಕ್ಕಿದ್ ಕಾಲ್ ಪಾಲು ನನ್ ಬಾಯಿಂದ ಅಂತಾರೆ. ಅನ್ಲಿ ಬುಡಿ.

ದೊರೆ ಬುಟ್ಟೋದ ಪುಸ್ತ್ಕ

ಆ ಟೈಲರ್ಗೊಂದು ಹುಚ್ಚು. ಕುಡ್ತ ಅಲ್ಲ, ಇಸ್ಪೀಟ್ ಅಲ್ಲ. ಇಂಗ್ಲೆಂಡ್ ದೇಸದಾಗೆ ನಾನೂರ್ ವರ್ಸದ್ ಹಿಂದೆ ಟ್ಯೂಡರ್ ಅಂತ ಒಂದ್ ರಾಜ್ರ ಮನೆತನ ಇತ್ತಂತೆ. ಆ ರಾಜ್ರ ಹುಚ್ಚು.

ಎಂಗೆ ಹಿಡೀತು ಅಂದ್ರೆ, ಕೊಡಗ್ನಾಗೆ ಒಬ್ಬ ಕಾಫಿ ತೋಟದ್ ಬಿಳಿ ದೊರೆ ಬಂಗ್ಲೆಗೆ ಪರದೆ ಹೊಲಿಯಕ್ ಹೋಗಿದ್ದ. ದೊರೆ ತೋಟ ಮಾರ್ಬುಟ್ಟು ಅವನ್ ದೇಸಕ್ಕೆ ಹೊಂಟಾಗ ಕೆಲ್ಸದೋರ್ಗೆಲ್ಲ “ಏನ್ ಬೇಕೋ ತಗೊಳ್ಳಿ” ಅಂದ್ನಂತೆ. ಒಬ್ಬ ಮಂಚ ತಗಂಡ, ಒಬ್ಬ ನಿಲುವುಗನ್ನಡಿ ತಗಂಡ, ಅಡ್ಗೆಯೋನು ದೊರೆಸಾನಿ ಟೋಪಿನೂ ಬುಡ್ನಿಲ್ಲ. ಇವ್ನು ಆ ರಾಜ್ರು ರಾಣೀರ ಬಣ್ಣದ್ ಚಿತ್ರ ಇರೋ ಒಂದು ದಪ್ಪ್ ಪುಸ್ತ್ಕ ತಗಂಡು, ಬಸ್ಸಲ್ಲಿ ಮಗೀನಂಗೆ ತೊಡೆ ಮೇಲ್ ಮಡಿಕ್ಕಂಡ್ ಬಂದ. ಅವರವ್ವ ಬಾಗ್ಲಲ್ಲೇ ಬಾಯ್ ಬಡ್ಕಂಡ್ಳು: “ಮಂಚ ತಂದಿದ್ರೆ ನನ್ ಬೆನ್ನಾದ್ರೂ ನೆಟ್ಗಾಗ್ತಿತ್ತಲ್ಲೋ!”

ಮೊದ್ಲು ಅವ್ನು ನೋಡಿದ್ದು ಬಟ್ಟೇನ. ಆ ತೋಳು ಎಂಗ್ ಕತ್ರಿಸವ್ರೆ, ಆ ಕೊಳ್ಪಟ್ಟಿಗೆ ಎಷ್ಟ್ ಮಡಿಕೆ ಇಡ್ದವ್ರೆ ಅಂತ. ಆಮೇಲೆ ತೋಳಿನ್ ಒಳಗಿರೋಳು ಯಾರು ಅಂತ ಸುರು ಆಯ್ತು. ಎಸ್ಸೆಲ್ಸಿ ಫೇಲು, ಇಂಗ್ಲೀಷ್ ಅಷ್ಟಕ್ಕಷ್ಟೇ. ಡಿಕ್ಷ್ನರಿ ಮಡಿಕ್ಕಂಡು ಒಂದೊಂದ್ ಸಾಲ್ಗೆ ಒಂದೊಂದ್ ಹೊತ್ತು ಕೂತ್ಕತಿದ್ದ. ತಿಂಗ್ಳಿಗೊಂದ್ಸಲ ಮೈಸೂರ್ ಬಸ್ ಹತ್ತಿ ಲೈಬ್ರರಿಗೆ ಹೋಗಿ, ಬೀಡಿಕಟ್ಟಿನ್ ಕಾಗ್ದದ ಮೇಲೆ ಬರ್ಕಂಡ್ ಬರ್ತಿದ್ದ. ಮಿಷನ್ ತುಳೀತಾ ಅದ್ನೆಲ್ಲ ನಮ್ಗೆ ಯೋಳೋನು. ನಾನು ಮೂರ್ನೇ ಕ್ಲಾಸ್ಗೆ ಸ್ಲೇಟ್ ಒಡ್ದಾಕಿ ಮನೇಗ್ ಬಂದೋಳು. ನಂಗೂ ಆ ಮನೆತನ ಪೂರ್ತಿ ಬಾಯಿಪಾಠ ಆಗೋಯ್ತು. ಮೇಷ್ಟ್ರುಗಳ್ ಕೈಲಿ ಆಗ್ದಿದ್ದು ಒಬ್ಬ ಟೈಲರ್ ಕೈಲಾಯ್ತು ಅಂದ್ರೆ ಅವ್ನು ಸಾಮಾನ್ಯದೋನಲ್ಲ ಕಣ್ರೀ.

ಆದ್ರೆ ವಯಸ್ಸು ಮೂವತ್ತೈದು. ಮದ್ವೆ ಇಲ್ಲ. ಅವರವ್ವನ್ದು ಒಂದೇ ಹಟ: “ನಾನ್ ಕಣ್ ಮುಚ್ಚೋದ್ರೊಳ್ಗೆ ನನ್ ಒಲೆ ಮುಂದೆ ಸೊಸೆ ಕೂರ್ಬೇಕು.”

ಇವ್ನು ಅದ್ಕೂ ಅಲ್ಲಿಂದ್ಲೇ ಉತ್ರ ತರೋನು. “ಅವ್ವ, ಎಲಿಜಬೆತ್ ರಾಣಿ ಮದ್ವೆನೇ ಆಗ್ದೆ ನಲವತ್ನಾಕ್ ವರ್ಸ ರಾಜ್ಯ ಆಳಿದ್ಲು.”

“ಅವ್ಳಿಗೆ ರಾಜ್ಯ ಇತ್ತು ಕಣ್ಲಾ. ನಿಂಗೇನೈತೆ? ಎರ್ಡ್ ಮಿಷನ್ನು, ಅದ್ರಲ್ಲೊಂದ್ಕೆ ಬೆಲ್ಟಿಲ್ಲ!”

ಗೌಡ್ರ ಸೊಂಟ

ನಮ್ ಬೀದಿ ಕೊನೇಲಿ ಹೊಗೇಸೊಪ್ಪಿನ್ ಗೌಡ್ರು ಇದ್ರು. ಮಗನ್ ಮದ್ವೆಗೆ ಕೋಟ್ ಹೊಲಿಸ್ಬೇಕು ಅಂತ ಬಂದ್ರು. ಟೈಲರ್ ಟೇಪ್ ಸುತ್ತಿದ, ಅಳ್ತೆ ನೋಡ್ದ, ಇನ್ನೊಂದ್ಸಲ ಸುತ್ತಿದ. ಅವನ್ ಕಣ್ಣಲ್ಲಿ ನೀರ್ ಬರೋದೊಂದ್ ಬಾಕಿ.

“ಗೌಡ್ರೆ, ನಿಮ್ದು ಸಾಕ್ಷಾತ್ ಇಂಗ್ಲೆಂಡಿನ್ ಎಂಟ್ನೇ ಹೆನ್ರಿ ಮಹಾರಾಜ್ರ ಸೊಂಟ! ಅವ್ರು ಯುದ್ಧಕ್ಕೆ ತೊಡ್ತಿದ್ದ ಉಕ್ಕಿನ್ ಅಂಗಿ ಇವತ್ತೂ ಮಡಿಗವ್ರಂತೆ ಆ ದೇಸದಲ್ಲಿ. ನಿಮ್ಗೆ ತೊಡ್ಸಿದ್ರೆ ಕೂರ್ತದೆ.”

ಗೌಡ್ರು ಆ ಸೊಂಟ ತಗಂಡು ಊರೆಲ್ಲ ಮೆರೆದ್ರು. ಹೋಟ್ಲಲ್ಲಿ ಯೋಳಿದ್ರು, ಸಂತೇಲಿ ಯೋಳಿದ್ರು. ಅಷ್ಟಕ್ಕೆ ಬುಟ್ಟಿದ್ರೆ ಚೆನ್ನಾಗಿತ್ತು. ಮನೇಗ್ ಹೋಗಿ ಹೆಂಡ್ತಿಗೂ ಯೋಳಿದ್ರು.

ಮಾರ್ನೇ ದಿನ ಬೆಳಿಗ್ಗೇನೇ ಗೌಡ್ತಿ ಅಂಗ್ಡಿ ಮುಂದೆ. “ಏನ್ ಟೈಲ್ರೇ, ಆ ಮಹಾರಾಜಂಗೆ ಹೆಂಡ್ರೆಷ್ಟು?”

ಬೇರೆ ಟೈಲರ್ ಆಗಿದ್ರೆ ಒಂದು ಅನ್ನೋನು. ಇವ್ನು ಚರಿತ್ರೇಲಿ ಸುಳ್ ಯೋಳಲ್ಲ. “ಆರು ಕಣವ್ವ.”

“ಅವ್ರೆಲ್ಲ ಏನಾದ್ರು?”

ಒಂದೊಂದಾಗಿ ಯೋಳ್ದ. ಮೊದಲ್ನೇಳ್ನ ಬುಟ್ಟ. ಎರಡ್ನೇಳ್ ತಲೆ ತೆಗೆಸ್ದ. ಮೂರ್ನೇಳು ಬಾಣಂತಿ ಸತ್ಲು. ನಾಕ್ನೇಳು ಚೆನ್ನಾಗಿಲ್ಲ ಅಂತ ಬುಟ್ಬುಟ್ಟು ಮನೆ ಮಠ ಕೊಟ್ಟ. ಐದ್ನೇಳ್ ತಲೇನೂ ತೆಗೆಸ್ದ. ಆರ್ನೇಳು ಉಳ್ಕಂಡ್ಲು. ನಾನೂ ಅಲ್ಲೇ ಬಾಗ್ಲಿಗೊರಗಿ ನಿಂತಿದ್ದೆ. “ಹುಟ್ಟಿದ್ರೆ ನಾಕ್ನೇಳಾಗಿ ಹುಟ್ಬೇಕು ಕಣವ್ವ. ಮನೆ ಸಿಕ್ತು, ಗಂಡ ಇಲ್ಲ” ಅಂದೆ.

ಗೌಡ್ತಿ ನಗ್ನಿಲ್ಲ. ಟೈಲರ್ ಕಡೆ ತಿರುಗಿ, “ಕೋಟು ನಾಕಿಂಚ್ ಕಮ್ಮಿ ಹೊಲೀರಿ. ಇವತ್ತಿಂದ ನಮ್ಮೋರ್ಗೆ ಒಂದೊತ್ತೇ ಊಟ” ಅಂದ್ಲು.

ಮದ್ವೆ ದಿನ ಕೋಟು ಅಚ್ಚುಕಟ್ಟಾಗಿ ಕೂತಿತ್ತು. ಗೌಡ್ರ ಮುಖ ಮಾತ್ರ ಇಳಿಬಿದ್ದಿತ್ತು.

ಕೊಡೆ ಬುಟ್ಟು ಓಡಿದೋನು

ಕಡೇಗೆ ಟೈಲರ್ ಮದ್ವೆಗೆ ಒಪ್ಕಂಡ. ಪಿರಿಯಾಪಟ್ಣದ್ ಕಡೆ ಒಂದ್ ಹೆಣ್ಣು, ಜಾತ್ಕ ಕೂಡಿ ಬಂತು. ಅವರವ್ವ ಒಲೇಗೆ ಹೊಸ್ದಾಗಿ ಮಣ್ ಮೆತ್ತಿದ್ಲು. ಹೆಣ್ಣಿನ್ ಕಡೆಯೋರು ಹುಡ್ಗ ಎಂಥೋನು ಅಂತ ಗುಟ್ಟಾಗಿ ವಿಚಾರ್ಸಕ್ಕೆ ಒಬ್ಬನ್ನ ಕಳ್ಸವ್ರೆ. ನಂಗೇನ್ ಗೊತ್ತು?

ನಾವು ಐದಾರ್ ಜನ ಹೆಂಗುಸ್ರು ಬೀದಿ ನಲ್ಲಿ ಹತ್ರ ನಿಂತಿದ್ವಿ. ಹಿಂದಿನ್ ದಿನವಷ್ಟೇ ಟೈಲರ್ ನಮ್ಗೆ ಎರಡ್ನೇ ರಾಣಿ ಆನ್ ಸತ್ತಿದ್ ಕತೆ ಯೋಳಿದ್ದ. ನಾವು ಅವ್ಳನ್ನ ಆನಮ್ಮ ಅಂತಿದ್ವಿ. ಪುಣ್ಯಾತ್ಗಿತ್ತಿ ಸಾಯಕ್ ಮುಂಚೆ “ನನ್ ಕತ್ತು ಸಣ್ಣದು, ಕಷ್ಟ ಆಗಲ್ಲ” ಅಂತ ನಕ್ಕಂಡ್ಲಂತೆ. ಅದ್ನೇ ನೆನೆಸ್ಕಂಡು ನಾನು ಸೆರಗಲ್ಲಿ ಕಣ್ ಒರೆಸ್ಕತಿದ್ದೆ.

ಬಿಳಿ ಪಂಚೆ ಉಟ್ಟು ಕೊಡೆ ಹಿಡ್ದಿದ್ದೋನೊಬ್ಬ ಬಂದು, “ಟೈಲರ್ ಮನೆ ಯಾವ್ದು ತಾಯಿ?” ಅಂದ.

“ಅದೇ ನೀಲಿ ಬಾಗ್ಲು” ಅಂದ್ಬುಟ್ಟು ನಾನು ಮಾತ್ ಮುಂದುವರಿಸ್ದೆ. “ನೋಡಮ್ಮಿ, ಎರಡ್ನೇಳ್ ತಲೆ ತೆಗೆಸಿದ್ ಮಾರ್ನೇ ದಿನ್ವೇ ಮೂರ್ನೇಳ್ ಜೊತೆ ನಿಶ್ಚಿತಾರ್ಥ!”

ಅವ್ನು ಅಲ್ಲೇ ನಿಂತ. “ಮಗು ಮರಿ ಇತ್ತಾ ತಾಯಿ?”

“ಒಂದ್ ಹೆಣ್ಮಗ. ಇನ್ನೂ ಮೂರ್ ತುಂಬಿರ್ನಿಲ್ಲ.”

“ಪೊಲೀಸ್ರು ಹಿಡೀನಿಲ್ವಾ?”

“ಅವನ್ನ ಕೇಳೋರ್ ಯಾರಪ್ಪ! ಅವನ್ ಇಟ್ಟಿದ್ದೇ ಕಾನೂನು.”

“ಒಟ್ಟು ಎಷ್ಟು ಮದ್ವೆ?”

“ಆರು. ನಾವೇನ್ ಕಟ್ಟಿ ಯೋಳ್ತಿಲ್ಲ. ಟೈಲರ್ ಬಾಯಿಂದ್ಲೇ ಕೇಳಿದ್ದು.”

ಅದೇ ಹೊತ್ಗೆ ಸರ್ಯಾಗಿ ನೀಲಿ ಬಾಗ್ಲು ತೆಗೀತು. ಟೈಲರ್ ಹೊರಗ್ ಬಂದ. ಕೈಲಿ ಮೊಳದುದ್ದ ಕತ್ರಿ. ಸಾಣೆ ಹಿಡ್ಸಕ್ಕೆ ಹೊಂಟಿದ್ದ, ಪಾಪ. ಬಂದಿದ್ದೋನು ಕೊಡೆ ಅಲ್ಲೇ ಬುಟ್ಟು ಬಸ್ಟ್ಯಾಂಡ್ ತಂಕ ತಿರುಗಿ ನೋಡ್ನಿಲ್ಲ.

ಮೂರ್ ದಿನಕ್ಕೆ ಸುದ್ದಿ ಬಂತು: ಐದಾರ್ ಜನ್ರನ್ನ ನುಂಗಿದೋನಿಗೆ ನಮ್ ಹೆಣ್ ಕೊಡಲ್ಲ. ಟೈಲರ್ ಅವ್ವ ನನ್ ಜೊತೆ ಮಾತ್ ಬುಟ್ಲು. ದಿನಾ ಗೋಡೆ ಮೇಲಿಂದ ಕೊಡ್ತಿದ್ ಮಜ್ಜಿಗೇನೂ ನಿಂತೋಯ್ತು. ಕಡೇದಾಗಿ ಅಂದಿದ್ದು ಒಂದೇ ಮಾತು: “ರಾಜ ತೆಗೆಸಿದ್ದು ಎರಡ್ ತಲೆ ಕಣಮ್ಮಿ. ನೀನ್ ನಾಲ್ಗೇಲೇ ನನ್ ವಂಸ ತೆಗೆದ್ಬುಟ್ಟೆ.”

ನಿಜ ಯೋಳ್ತೀನಿ, ಅವತ್ತು ನಂಗೆ ನಗು ಬರ್ನಿಲ್ಲ. ಟೈಲರ್ ಮಾತ್ರ, “ಬುಡಕ್ಕ, ನೀನ್ ಒಂದೂ ತಪ್ ಯೋಳಿಲ್ಲ. ಇಸ್ವಿ ಒಂದ್ ಬುಟ್ಟಿದ್ದೆ” ಅಂದ.

ಆನಮ್ಮನ ಎಡೆ

ಮದ್ವೆ ಮುರಿದಿದ್ದು ಯಾಕೆ ಅಂತ ಬೀದಿ ಹೆಂಗುಸ್ರೆಲ್ಲ ಸೇರಿ ತೀರ್ಮಾನ ಮಾಡಿದ್ವಿ. ನನ್ ನಾಲ್ಗೆ ಅಂತ ಒಪ್ಕಳಕ್ಕೆ ಆಗ್ತದಾ? ಆನಮ್ಮನ್ ಕಾಟ ಅಂದ್ವಿ. ಅನ್ಯಾಯವಾಗಿ ಸತ್ತೋಳು, ಮುತ್ತೈದೆ. ನಾನೂರ್ ವರ್ಸದಿಂದ ಯಾರೂ ಒಂದ್ ಎಡೆ ಇಟ್ಟಿಲ್ಲ. ಇವ್ನು ದಿನಾ ಹೆಸ್ರೆತ್ತಿ ಕರೀತಾನೆ. ಬಂದು ನಡುಮನೇಲಿ ಕೂತವ್ಳೆ, ಇನ್ನೊಬ್ಳು ಎಂಗ್ ಬರ್ತಾಳೆ?

ಮಾರ್ನಮಿ ಅಮಾಸೆಗೆ ಹಿರೇರ್ಗೆ ಎಡೆ ಇಡ್ತೀವಲ್ಲ, ಅವತ್ತೇ ಆನಮ್ಮನ್ಗೂ ಇಡದು ಅಂತಾಯ್ತು. ಟೈಲರ್ ಬೇಡ ಅಂದ. ಅವರವ್ವ ಅತ್ಲು. ಆಮೇಲೆ ಅವ್ನೇ ಒಂದ್ ತುಂಡು ಮಕ್ಮಲ್ ಬಟ್ಟೇಲಿ, ಪುಸ್ತ್ಕದ್ ಚಿತ್ರದಲ್ಲಿರೋ ಅಂತಾದ್ದೇ ಚೌಕದ್ ಕುತ್ಗೆಯ ಪುಟಾಣಿ ರವಿಕೆ ಹೊಲ್ದು ಕಳಸದ್ ಮುಂದೆ ತಂದಿಟ್ಟ. ಎಂಥಾ ಹೊಲ್ಗೆ ಅಂತೀರಿ! ಮುಟ್ಟಕ್ಕೆ ನಮ್ಗೆ ಭಯ ಆಯ್ತು.

ಮುದ್ದೆ ಇಟ್ವಿ, ಬಾಡಿನ್ ಸಾರ್ ಇಟ್ವಿ. “ಅವ್ರು ರಾಗಿ ತಿನ್ನಲ್ಲ” ಅಂದ ಟೈಲರ್. “ನಮ್ ಮನೇಗ್ ಬಂದ್ಮೇಲೆ ನಮ್ ಮುದ್ದೆ ತಿನ್ಲಿ” ಅಂದ್ಲು ಅವರವ್ವ. ರಾಜನ್ ಹಿರೀಹೆಂಡ್ತಿ ಮುನಿಸ್ಕಂಡಾಳು ಅಂತ ಅವ್ಳಿಗೆ ಬ್ಯಾರೆ ಎಲೆ, ಮೂಲೇಲಿ. ಸವತೀರ್ಗೆ ಒಂದೇ ಎಲೇಲಿ ಬಡಿಸಿದ್ರೆ ನಡೀತದಾ?

ಕುಂಕುಮ ಇಡೋ ಹೊತ್ಗೆ ಮುದ್ಕಿ ನಿಂತ್ಬುಟ್ಲು. “ಎಲ್ಗ್ ಇಡ್ಲಿ? ತಲೆನೇ ಇಲ್ವಲ್ಲ.”

ಟೈಲರ್ ಮೆಲ್ಲಗೆ ಅಂದ: “ತಲೇನೂ ಜೊತೇಲೇ ಇಟ್ಟು ಮಣ್ ಮಾಡಿದ್ರು ಅವ್ವ. ಹೆಣದ್ ಪೆಟ್ಗೆ ಇರ್ನಿಲ್ಲ ಅಂತ ಬಾಣ ತುಂಬೋ ಪೆಟ್ಗೇಲಿ.”

“ಒಂದ್ ಪೆಟ್ಗೆನೂ ಮಾಡಿಸ್ನಿಲ್ವಾ ಆ ಮುಂಡೇಗಂಡ!” ಅಂತ ಮುದ್ಕಿ ಅಳ್ತಾ ಕಳಸಕ್ಕೆ ಕುಂಕುಮ ಇಟ್ಲು. ನಾವೆಲ್ಲಾ ಅತ್ವಿ. ಸ್ವಂತ ಅತ್ತೆ ಸತ್ತಾಗ ನಾನು ಅಷ್ಟ್ ಅತ್ತಿರ್ನಿಲ್ಲ.

ಹಿರೇರು ಬಂದು ಉಣ್ಲಿ ಅಂತ ಬಾಗ್ಲು ಮುಚ್ಕಂಡು ಎಲ್ರೂ ಹೊರಗ್ ನಿಂತ್ವಿ. ಸೊಲ್ಪ ಹೊತ್ತಾದ್ಮೇಲೆ ತೆಗ್ದು ನೋಡಿದ್ರೆ, ನಾವ್ ಇಟ್ಟಿದ್ ಎಲೆಗ್ಳೆಲ್ಲ ಅಂಗೇ ಅವೆ. ಕದ್ದು ಮುಚ್ಚಿ ಬಾಗ್ಲ ಸಂದೀಲಿ ಟೈಲರ್ ಇನ್ನೊಂದ್ ಎಲೆ ಮಡಿಗಿದ್ದ, ರಾಜಂಗೆ ಅಂತ. ಅದ್ರಲ್ಲಿದ್ದ ಕೋಳಿ ಕಾಲು ಮಾಯ. ಎಲೆ ನೆಕ್ಕಿ ಬಳ್ದಂಗೈತೆ. ಹೆಂಚಿನ್ ಮೇಲೆ ಬೆಕ್ಕು ಬಾಯ್ ಒರೆಸ್ಕತಿದ್ದಿದ್ದು ನಂಗೊಬ್ಳಿಗೇ ಕಂಡಿದ್ದು. ಮುದ್ಕಿ ಮೂಗಿನ್ ಮೇಲೆ ಬೆರಳಿಟ್ಲು: “ಸತ್ ನಾನೂರ್ ವರ್ಸ ಆದ್ರೂ ತಿನ್ನೋ ಚಪಲ ಹೋಗಿಲ್ಲ ನೋಡು ಆ ರಾಜಂಗೆ!”

ಅವತ್ತೇ ಗೋಡೆ ಮೇಲಿಂದ ಮಜ್ಜಿಗೆ ಬಂತು.

ಗಾವಡಗೆರೆ ಹೆಣ್ಣು

ಮಜ್ಜಿಗೆ ಕುಡ್ದ ಋಣಕ್ಕೆ ನಾನೇ ಹೆಣ್ ಹುಡುಕ್ದೆ. ನಮ್ ನಾದಿನಿ ಕೊಟ್ಟಿರೋ ಊರು ಗಾವಡಗೆರೆ. ಅಲ್ಲೊಬ್ಳಿದ್ಲು, ಮೂವತ್ತರ್ ಹತ್ರ. ನೋಡಕ್ ಬಂದೋರ್ನೆಲ್ಲ ಪ್ರಶ್ನೆ ಕೇಳಿ ಕೇಳಿ ಎಬ್ಬಿಸಿ ಓಡಿಸ್ತಾಳೆ ಅಂತ ಮದ್ವೆ ಆಗಿರ್ನಿಲ್ಲ.

ಟೈಲರ್ನೂ ಅವರವ್ವನ್ನೂ ಕರ್ಕಂಡ್ ಹೊಂಟೆ. ದಾರೀಲಿ ಟೈಲರ್ ಹತ್ರ ಆಣೆ ಹಾಕಿಸ್ಕಂಡೆ. “ನೋಡ್ ತಮ್ಮ, ಇಂಗ್ಲೆಂಡ್ ಅನ್ನಬ್ಯಾಡ. ರಾಜ ಅನ್ನಬ್ಯಾಡ. ಹೆಂಡ್ತಿ ಅನ್ನಬ್ಯಾಡ. ಕತ್ತು ಅನ್ನಬ್ಯಾಡ.”

“ಅಕ್ಕ, ಟೈಲರ್ ಆದ್ಮೇಲೆ ಕತ್ತಿನ್ ಅಳ್ತೆ...”

“ಅದ್ನೂ ಅನ್ನಬ್ಯಾಡ.”

ಅಲ್ಹೋಗಿ ಕೂತ. ಮಾತೇ ಇಲ್ಲ. ಹೆಣ್ಣಿನಪ್ಪ ಅಂಗ್ಡಿ ಎಂಗ್ ನಡೀತದೆ ಅಂದ್ರೆ “ಊಂ.” ಊರಲ್ಲಿ ಮಳೆ ಎಂಗೆ ಅಂದ್ರೆ “ಊಂ.” ಅಪ್ಪ ನನ್ ಕಡೆ ಬಗ್ಗಿ, “ಹುಡ್ಗ ಮೂಗ್ನೇನವ್ವ?” ಅಂದ. ಟೈಲರ್ ಅವ್ವನ್ ಮುಖ ಬಾಡೋಯ್ತು. ಇದೂ ಹೋಯ್ತು ಅಂತ ನಂಗೂ ಅನ್ನಿಸ್ತು.

ಹೆಣ್ಣು ಕಾಫಿ ತಂದು ಇಟ್ಟು, ಒಳೀಕ್ ಹೋಗ್ದೆ ಅಲ್ಲೇ ನಿಂತ್ಲು. “ನಿಮ್ ಬೀದೀಲಿ ಕೊಡೆ ಬುಟ್ ಓಡ್ ಬಂದ್ರಲ್ಲ, ಅವ್ರು ನಮ್ ದೊಡ್ಡಪ್ಪನ್ ಅಳಿಯ.”

ನನ್ ಕೈಲಿದ್ ಕಾಫಿ ಸೀರೆ ಮೇಲ್ ಚೆಲ್ತು.

“ಅವ್ರು ಯೋಳಿದ್ ಕೇಳಿ ನಮ್ಮೋರೆಲ್ಲ ಹೆದರ್ಕಂಡ್ರು. ಆರ್ ಜನ್ರನ್ನ ಕಟ್ಕಂಡ್ ಟೈಲರ್ಗೆ ಅಂಗ್ಡಿ ಬಾಡ್ಗೆ ಕಟ್ಟಕ್ ಆಗ್ತದಾ ಅಂತ ನಾನ್ ಅಂದೆ. ನಿಜ ಏನು ಅಂತ ಕೇಳಕ್ಕೇ ಬರೇಳಿದ್ದು. ಯೋಳಿ.”

ಟೈಲರ್ ನನ್ ಮುಖ ನೋಡ್ದ. ನಾನು ಸೂರು ನೋಡ್ದೆ. ಸುರು ಮಾಡ್ದ. ಊಂ ಅಂತಿದ್ದೋನ್ ಬಾಯಲ್ಲಿ ಅರ್ಮನೆ ಬಂತು, ಹೊಳೆ ಮೇಲಿನ್ ದೋಣಿ ಬಂತು, ಮುತ್ ಹೊಲ್ದ ತೋಳು ಬಂತು. ಕಾಫಿ ಆರೋಯ್ತು. ಹೆಣ್ಣಿನಪ್ಪ ಬೀಡಿ ಹಚ್ಚೋದ್ ಮರ್ತು “ಆಮೇಲೆ? ಆಮೇಲೆ?” ಅಂತಿದ್ದ.

ಹೆಣ್ಣು ಕೇಳಿದ್ದು ಒಂದೇ ಪ್ರಶ್ನೆ. “ಆರ್ನೇಳು ಎಂಗ್ ಉಳ್ಕಂಡ್ಲು?”

“ಅವ್ಳು ಗಂಡನ್ ಜೊತೆ ವಾದ ಮಾಡೋಳು. ರಾಜಂಗೆ ಸಿಟ್ ಬಂದು, ಹಿಡ್ದಾಕಿ ಅಂತ ಅಪ್ಪಣೆನೂ ಆಗಿತ್ತು. ಅದು ಅವ್ಳಿಗೆ ಗೊತ್ತಾಗೋಯ್ತು. ಓಡೋಗಿ, ‘ನಿಮ್ ಕಾಲ್ನೋವು ಮರೀಲಿ ಅಂತ ವಾದ ಮಾಡ್ದೆ, ನಿಮ್ಮಿಂದ ನಾಕ್ ಮಾತ್ ಕಲೀವಾ ಅಂತ ಮಾಡ್ದೆ’ ಅಂದ್ಲು. ರಾಜ ಕರಗೋದ.”

ಹೆಣ್ಣು ಮೊದಲ್ನೇ ಸಲ ನಕ್ಲು. “ಅಂಗಾದ್ರೆ ಈಗ್ಲೇ ಯೋಳ್ಬುಡ್ತೀನಿ. ನಾನ್ ದಿನಾ ವಾದ ಮಾಡ್ತೀನಿ. ನಿಮ್ಗೆ ಮಿಷನ್ ತುಳ್ದ ಕಾಲ್ನೋವು ಇದ್ದೇ ಇರ್ತದೆ.” ಆಮೇಲೆ ಅಪ್ಪನ್ ಕಡೆ ತಿರುಗಿ, “ಒಪ್ಗೆ ಕಣಪ್ಪ. ಆದ್ರೆ ಒಂದ್ ಮಾತು. ಅಂಗ್ಡಿ ಕತ್ರಿ ನನ್ ಕೈಲಿರ್ಬೇಕು” ಅಂದ್ಲು.

ಮದ್ವೇಲಿ ಕೊಡೆಯೋನಿಗೆ ಅವನ್ ಕೊಡೆ ವಾಪಸ್ ಕೊಟ್ಟೆ. ಉಂಡು ಹೋಗೋ ತಂಕ ಬಾಗ್ಲ ಹತ್ರನೇ ಕೂತಿದ್ದ.

ಮುದ್ಕಿ ಒಲೆ ಮುಂದೆ ಸೊಸೆ ಕೂರ್ಲಿ ಅಂದ್ಲಲ್ಲ, ಸೊಸೆ ಕೂತಿದ್ದು ಅಂಗ್ಡಿ ಮೇಜ್ ಮುಂದೆ. ಮೂರೇ ತಿಂಗ್ಳಿಗೆ ಕತ್ರಿಸೋದ್ರಲ್ಲಿ ಗಂಡನ್ನ ಮೀರ್ಸಿದ್ಲು. ಇವ್ನು ಹೊಲೀತಾ ಕತೆ ಯೋಳ್ತಾನೆ, ಅವ್ಳು ಕತ್ರಿಸ್ತಾ “ಅದೆಂಗಾಗ್ತದೆ?” ಅಂತಾಳೆ. ಮುದ್ಕಿನೇ ಒಲೆ ಮುಂದೆ ಕೂತು ಇಬ್ರಿಗೂ ಬಿಸಿ ಮುದ್ದೆ ತೊಳಸ್ತಾಳೆ, ನಗ್ತಾ. ವಾದ ಜೋರಾದಾಗ ಸೊಸೆ ಮಾತ್ ನಿಲ್ಸಿ, ಕತ್ರಿ ಎತ್ತಿ ಗಾಳೀಲಿ ಎರಡೇ ಎರಡ್ ಸಲ ಕಚ್ ಕಚ್ ಅನ್ನಿಸ್ತಾಳೆ.

ಆ ಹೆನ್ರಿ ರಾಜನ್ ಅರ್ಮನೇಲಿ ಹೆಂಡ್ರು ಕತ್ತು ಮುಟ್ ನೋಡ್ಕತಿದ್ರಂತೆ. ನಮ್ ಬೀದೀಲಿ ಗಂಡ ಮುಟ್ ನೋಡ್ಕತಿದ್ದ.