ಸೋಲ್ ಆಲ್ಬಮ್ಮೂ ಒಂದು ಮಂಚವೂ

ನಾಲ್ವರು ಗಂಡಸರು ಸೇರಿ ಹಾಡಲು ಬಾಯಿ ತೆರೆದರೆ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ. ದುಬೈಯಲ್ಲಿ ತೆರೆದರೆ ಸ್ವಲ್ಪ ಬೇಗ ಆಗುತ್ತದೆ.

ಬಾತ್‌ರೂಮ್ ಸ್ಟುಡಿಯೋ

ನಾವು ನಾಲ್ವರೂ ಚರ್ಚಿನ ಕ್ವಾಯರ್‌ನಲ್ಲಿ ಹಾಡುವವರು. ಅಮೆರಿಕದ ಕಪ್ಪು ಜನರ ಸೋಲ್ ಸಂಗೀತದ ಹುಚ್ಚು ಹತ್ತಿ, ಕನ್ನಡದಲ್ಲೇ ಒಂದು ಆಲ್ಬಮ್ ಮಾಡಲು ಹೊರಟೆವು. ರೆಕಾರ್ಡಿಂಗಿಗೆ ಸಿಕ್ಕಿದವರು ಮೈಸೂರಿನ ಒಬ್ಬ ಸಾಫ್ಟ್‌ವೇರ್ ಎಂಜಿನಿಯರು. “ಸೈಕೆಡೆಲಿಕ್ ಆಗಿ ಮಾಡೋಣ ಸರ್, ಕೇಳಿದೋರು ತೇಲ್ಬೇಕು” ಎಂದು ನಮ್ಮನ್ನೆಲ್ಲ ಊದ್ ಮೇಥಾದ ನನ್ನ ಫ್ಲಾಟಿನ ಬಾತ್‌ರೂಮಿಗೆ ತುಂಬಿದರು. ಅಲ್ಲಿ ದನಿ ಚೆನ್ನಾಗಿ ಗುಂಯ್‌ಗುಡುತ್ತದಂತೆ.

ಎರಡನೇ ಸಂಜೆ ಪಕ್ಕದ ಮನೆಯ ಆಂಟಿ ನೈಟಿಯ ಮೇಲೆ ಶಾಲು ಹೊದ್ದು, ಜಪಮಾಲೆ ಹಿಡಿದು ಬಂದರು.

“ಯಾರು ತೀರಿಕೊಂಡದ್ದು ಮಗಾ? ನಿನ್ನೆಯಿಂದ ಅಳುವುದು ಕೇಳ್ತಾ ಉಂಟು.”

ನನ್ನ ಹೆಂಡತಿ ಬಾತ್‌ರೂಮಿನ ಬಾಗಿಲು ತೋರಿಸಿದಳು. “ಯಾರೂ ಇಲ್ಲ ಆಂಟಿ. ಆದ್ರೂ ಬಂದದ್ದು ಒಳ್ಳೆಯದಾಯ್ತು, ಒಂದು ಜಪ ಹೇಳಿಯೇ ಹೋಗಿ.”

ಸಮಾಜದ ನೋವು

ಸೋಲ್ ಅಂದಮೇಲೆ ಸಮಾಜದ ನೋವು ಬೇಡವೇ? ನಮ್ಮ ತಗ್ಗು ದನಿಯ ಗಾಯಕ ಹೋಟೆಲ್ ನೌಕರ. ಮಿರ್ದಿಫ್‌ನ ಒಂದು ವಿಲ್ಲಾದ ಹಾಲ್‌ನಲ್ಲಿ ಒತ್ತೊತ್ತಾಗಿ ಹಾಕಿದ ಮಂಚಗಳಲ್ಲಿ ಒಂದು ಅವನದು. ಹೀಗೆ ಮಂಚ ಬಾಡಿಗೆಗೆ ಕೊಟ್ಟು ಸುಲಿಯುವವರ ಮೇಲೆ ಅವನೇ ಖಾರವಾದ ಹಾಡು ಬರೆದ. ಆಲ್ಬಮ್ಮಿನ ಮುಖ್ಯ ಹಾಡೇ ಅದಾಯಿತು.

ಬಿಡುಗಡೆಗೆ ಇಲ್ಲಿನ ಕನ್ನಡ ಸಂಘದವರು ಒಬ್ಬ ಸ್ಪಾನ್ಸರ್ ಹಿಡಿದರು. ಮುಖ್ಯ ಅತಿಥಿಯೂ ಅವರೇ. ಹೆಸರು ಕೇಳಿ ನಮ್ಮ ತಗ್ಗು ದನಿಯವನು ತಲೆಯ ಮೇಲೆ ಕೈ ಹೊತ್ತ. ಅದೇ ವಿಲ್ಲಾದ ಧಣಿ!

“ಹಾಡಿದ್ರೆ ನನ್ನ ಮಂಚ ಖಲಾಸ್ ಮಾರಾಯಾ! ಈ ಸಂಬಳಕ್ಕೆ ಬೇರೆ ಎಲ್ಲಿ ಸಿಗ್ತದೆ?”

ನನಗೂ ಪಾಪ ಅನ್ನಿಸಿತು. ಆದರೆ ಮೈಸೂರಿನವರು ಕನ್ನಡಕ ಸರಿಮಾಡಿಕೊಂಡರು. “ಟೆನ್ಷನ್ ಬೇಡಿ ಸರ್. ಎಕೋ ಸುರೀತೀನಿ. ಒಂದ್ ಪದ ಅರ್ಥ ಆದ್ರೆ ಕೇಳಿ!”

ಹಾಗೆ ಸುರಿದದ್ದನ್ನು ಮನೆಯಲ್ಲಿ ಹಾಕಿದೆ. ಮಗಳು ಓಡಿ ಬಂದಳು. “ಡ್ಯಾಡಿ, ಯುವರ್ ಸ್ಪೀಕರ್ ಈಸ್ ಡ್ರೌನಿಂಗ್!”

ಸನ್ಮಾನ

ಬಿಡುಗಡೆಯ ದಿನ ಧಣಿಗಳು ಹೆಗಲಿಗೆ ಶಾಲು, ತೊಡೆಯ ಮೇಲೆ ಹಣ್ಣಿನ ಬುಟ್ಟಿ ಇಟ್ಟುಕೊಂಡು ಮುಂದೆಯೇ ಕೂತಿದ್ದರು. ನಾವು ಎಕೋದೊಳಗೆ ಅವರನ್ನು ಮನಸಾರೆ ಬೈದೆವು. ನಮ್ಮವನಂತೂ ಕಣ್ಣು ಮುಚ್ಚಿಯೇ ಹಾಡಿದ. ಹಾಡು ಮುಗಿಯಿತು. ಧಣಿಗಳು ಕಣ್ಣೊರೆಸಿಕೊಂಡು ಮೈಕ್ ಹಿಡಿದರು.

“ಇಷ್ಟು ಭಕ್ತಿಯ ಹಾಡು ನಾನು ಕೇಳಿಯೇ ಇಲ್ಲ!”

ಮಂಚ ಉಳಿಯಿತೆಂದು ನಾವು ಒಬ್ಬರ ಕೈ ಒಬ್ಬರು ಅದುಮಿಕೊಂಡೆವು.

“ಇಂಥವರಿಗೆ ಪ್ರಾಕ್ಟೀಸ್ ಮಾಡ್ಲಿಕ್ಕೆ ಸರಿಯಾದ ಜಾಗ ಇಲ್ಲವಂತೆ. ಛೆ! ಮಿರ್ದಿಫ್‌ನಲ್ಲಿ ನನ್ನದೊಂದು ವಿಲ್ಲಾ ಉಂಟು. ಅದರ ಹಾಲ್ ಇನ್ನು ಇವರಿಗೇ. ಅಲ್ಲಿನ ಮಂಚ ಎಲ್ಲ ನಾಳೆಯೇ ತೆಗೆಸ್ತೇನೆ. ಯಲ್ಲಾ, ಬೇಗ ಹೊಡೆಯಿರಿ ಚಪ್ಪಾಳೆ!”

ಸಭೆಯೆಲ್ಲ ಎದ್ದು ಚಪ್ಪಾಳೆ ತಟ್ಟಿತು. ಆಗ ನಮ್ಮ ತಗ್ಗು ದನಿಯವನ ಗಂಟಲಿಂದ ಹೊರಟ ಸ್ವರವಿದೆಯಲ್ಲ, ಅಷ್ಟು ಮೇಲಕ್ಕೆ ನಾವು ಉಳಿದ ಮೂವರಲ್ಲಿ ಯಾರೂ ಇವತ್ತಿನವರೆಗೆ ಏರಿಲ್ಲ.