ಹೊಸ ಫೋನಿನ ಜೈಲು ಒಡೆಯೋಕಾಗಲ್ಲ ಸ್ವಾಮಿ

ಹುಣಸೂರು ಬಸ್‌ಸ್ಟ್ಯಾಂಡ್ ಹತ್ತಿರ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ. ಸಿಟ್ಟು ಹುಡುಕಿಕೊಂಡು ನಾನೆಲ್ಲೂ ಹೋಗಬೇಕಾಗಿಲ್ಲ, ಅದೇ ಬಸ್ಸಿಳಿದು ಬರುತ್ತದೆ. ಕೆಲವು ಫೋನುಗಳಲ್ಲಿ ಕಂಪನಿಯವರು ಒಪ್ಪಿದ ಆ್ಯಪ್‌ಗಳನ್ನು ಮಾತ್ರ ಹಾಕಿಕೊಳ್ಳಬೇಕು. ಆ ಬೀಗ ಒಡೆಯುವುದಕ್ಕೆ ಜೈಲ್‌ಬ್ರೇಕ್ ಅನ್ನುತ್ತಾರೆ. ಹಳೇ ಫೋನಲ್ಲಿ ಆಗುತ್ತಿತ್ತು, ಹೊಸದರಲ್ಲಿ ಆಗುವುದಿಲ್ಲ. ಇಷ್ಟು ಹೇಳಿದರೆ ಮುಗಿಯಬೇಕಲ್ಲ? ಮುಗಿಯೋದಿಲ್ಲ.

ವಿಡಿಯೋ ನೋಡಿದವನು

ಬಿಳಿಕೆರೆಯ ಯುವಕನೊಬ್ಬ ಜೈಲ್‌ಬ್ರೇಕ್ ಮಾಡಿಕೊಡಿ ಅಂತ ಹೊಚ್ಚಹೊಸ ಫೋನು ತಂದ.

"ಇದು ಆಗಲ್ಲ ಕಣಪ್ಪ."

"ವಿಡಿಯೋದಲ್ಲಿ ಎರಡೇ ನಿಮಿಷಕ್ಕೆ ಮಾಡ್ತಾನೆ ಅಣ್ಣ. ನಿಮಗೆ ಬರಲ್ಲ ಅನ್ನಿ."

ಮೈ ಉರಿಯಿತು. ಆ ವಿಡಿಯೋ ಹಾಕಿಸಿ ತೋರಿಸಿದೆ. "ಕಣ್ಬಿಟ್ಟು ನೋಡು, ಅವನ ಕೈಲಿರೋದು ಹಳೇ ಫೋನು!"

ಅವನು ಯೋಚಿಸಿ ಹೇಳಿದ: "ಅಂಗಾರೆ ಮೊದ್ಲು ಇದನ್ನ ಹಳೇದು ಮಾಡ್ಬುಡಿ, ಆಮೇಲೆ ಒಡೀರಿ."

ಗೌಡರ ಸಿಟ್ಟು

ಪಿರಿಯಾಪಟ್ಟಣದ ಗೌಡರೊಬ್ಬರಿಗೆ ಫೋನಲ್ಲಾಡಿದ ಮಾತೆಲ್ಲ ಗುಟ್ಟಾಗಿ ರೆಕಾರ್ಡ್ ಆಗಬೇಕಿತ್ತು. ಅವರ ತಮ್ಮ ಫೋನಲ್ಲೊಂದು, ಪಂಚಾಯ್ತಿಯಲ್ಲೊಂದು ಹೇಳುತ್ತಾನಂತೆ. ಬೀಗ ಒಡೆಯದೆ ಆಗಲ್ಲ, ಈ ಫೋನಲ್ಲಿ ಒಡೆಯೋಕೂ ಆಗಲ್ಲ ಎಂದೆ.

"ಕಾಸು ಕೊಟ್ಟೋನು ನಾನು, ಬೀಗ ಕಂಪ್ನಿಯೋನ್ದಾ? ಎತ್ತು ತಂದ್ಮೇಲೆ ಯಾವ ಹೊಲ ಉಳಬೇಕು ಅಂತ ಮಾರ್ದೋನ್ನ ಕೇಳ್ತಾರೇನ್ಲಾ?"

ನ್ಯಾಯವಾದ ಮಾತು! ನಾನೂ ಮೇಜು ಕುಟ್ಟಿ ಕಂಪನಿಯವರನ್ನು ಬಾಯಿ ತುಂಬ ಬೈದೆ. ಗೌಡರು ನನ್ನನ್ನೇ ದುರುಗುಟ್ಟಿ ನೋಡಿದರು.

"ಇಷ್ಟೊಂದ್ ಬೈಯೋ ನಾಟ್ಕ ಆಡ್ತಿದ್ದೀಯಲ್ಲ, ಕಂಪ್ನಿಯೋರು ನಿಂಗೆಷ್ಟು ಕೊಟ್ಟವ್ರೆ?"

ಅಜ್ಜಿಯ ವಿಚಾರಣೆ

ಇದಂತೂ ಮೊನ್ನೆ ನಡೆದದ್ದು. ಕೆ.ಆರ್. ನಗರದ ಗಿರಾಕಿಯೊಬ್ಬ ಒಂದೇ ಪ್ರಶ್ನೆಗೆ ನಾಲ್ಕನೇ ಸಲ ಫೋನು ಮಾಡಿದ. ತಾಳ್ಮೆ ಕೆಟ್ಟು ಕಿರುಚಿದೆ: "ಜೈಲು ಒಡೆಯೋದು ಮೊದಲಿನಂಗಲ್ಲ ಸ್ವಾಮಿ! ನಾನೇ ಎಷ್ಟೋ ಒಡೆದಿದ್ದೀನಿ. ಈಗ ಎಲ್ಲಾ ಭದ್ರ ಮಾಡವ್ರೆ, ಯಾರ ಕೈಲೂ ಆಗಲ್ಲ!"

ಚಾರ್ಜರ್ ಕೊಳ್ಳಲು ಬಂದಿದ್ದ ಕೋಟೆ ಕಡೆಯ ಅಜ್ಜಿಯೊಬ್ಬರು ಬೆಂಚಿನಿಂದೆದ್ದು ಹತ್ತಿರ ಬಂದು ಪಿಸುಗುಟ್ಟಿದರು.

"ನನ್ ಅಳೀಮಯ್ಯ ಜೈಲೊಳಗವ್ನೆ ಕಣಪ್ಪ. ಕುಡ್ದು ಯಾರ್ದೋ ತಲೆ ಒಡ್ದ."

ರೇಗಿತು. "ಅಜ್ಜಿ, ನನ್ನನ್ನ ಏನಂದ್ಕೊಂಡಿದ್ದೀರಿ? ನಾನು ಯಾರನ್ನೂ ಬಿಡಿಸೋನಲ್ಲ!"

ಅಜ್ಜಿಗೆ ನನಗಿಂತ ಹೆಚ್ಚು ಸಿಟ್ಟು ಬಂತು.

"ಬುಡ್ಸು ಅಂದ್ನೇನ್ಲಾ? ಮಗಳು ಈಗ ನೆಮ್ಮದಿಯಾಗಿ ಉಂಡು ಮಲಗ್ತಾವ್ಳೆ. ಭದ್ರ ಮಾಡವ್ರೆ ಅಂದ್ಯಲ್ಲ, ನಿಜ ತಾನೆ?"