ಇಂಟರ್ವಲ್ ಕಾಕಾನ ಎರಡನೇ ಸೀಡಿ

ನಮ್ಮ ಕುಷ್ಟಗಿಯ ಅತಿ ದೊಡ್ಡ ಸಿನಿಮಾ ವಿಮರ್ಶಕ ಅಂದರೆ ನಮ್ಮ ಕಾಕಾ. ಅವನು ಒಂದೇ ಒಂದು ಸಿನಿಮಾವನ್ನೂ ಥೇಟರಿನಲ್ಲಿ ಪೂರ್ತಿ ನೋಡಿದವನಲ್ಲ. ಈ ಎರಡು ಮಾತಿನಲ್ಲಿ ಒಂದಾದರೂ ಸುಳ್ಳಿರಬೇಕು ಎಂದು ನಿಮಗನ್ನಿಸಿದರೆ, ನೀವು ನಮ್ಮೂರಿನವರಲ್ಲ ಎಂದಾಯಿತು. ಇಂಥ ಕಾಕಾನ ಅಣಕು ಮಾಡಿ ಊರಲ್ಲಿ ಹೆಸರು ಗಳಿಸಬೇಕೆಂದು ಹೊರಟ ಮಹಾನುಭಾವ ನಾನು. ಗಳಿಸಿದೆನೇ? ಕೇಳಿ.

ವೀಸಿಡಿ ಬಂದ ಹೊಸತರ ಮಾತು. ಹೊಸ ಸಿನಿಮಾ ಮೊದಲು ಗಂಗಾವತಿಗೆ ಬರುತ್ತಿತ್ತು. ನಮ್ಮೂರಿಗೆ ಬರುವಷ್ಟರಲ್ಲಿ ಅದರ ಹೀರೋನ ಮಕ್ಕಳು ಶಾಲೆಗೆ ಹೋಗುತ್ತಿದ್ದವು. ಅದಕ್ಕೇ ಕಾಕಾ ಶುಕ್ರವಾರ ತನ್ನ ಬೀಜ-ಗೊಬ್ಬರದ ಅಂಗಡಿಗೆ ಬೀಗ ಜಡಿದು, ಹೆಗಲಿಗೆ ಟವೆಲ್ ಏರಿಸಿ, ಗಂಗಾವತಿ ಬಸ್ಸು ಹತ್ತುತ್ತಿದ್ದ. ಮ್ಯಾಟಿನಿಗೆ ಹೋಗುತ್ತಿದ್ದ. ಇಂಟರ್ವಲ್ ಬೆಲ್ಲು ಹೊಡೆಯುತ್ತಲೇ ಎದ್ದು, ಹೊರಗಿನ ಗಾಡಿಯಲ್ಲಿ ಬಿಸಿ ಮಿರ್ಚಿ ಕಟ್ಟಿಸಿಕೊಂಡು, ತಿರುಗಿ ಬಸ್ಸು ಹಿಡಿಯುತ್ತಿದ್ದ. ಕುಷ್ಟಗಿ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಜನ ಕಾದು ಕೂತಿರುತ್ತಿದ್ದರು. ಕಾಕಾ ಬಸ್ಸಿನಿಂದಿಳಿದು, ಗಂಟಲು ಸರಿಮಾಡಿಕೊಂಡು, ತೀರ್ಪು ಕೊಡುತ್ತಿದ್ದ:

"ಬಿತ್ತಿಗಿ ಛಲೋ ಆಗೈತಿ. ಹೂವಾನೂ ಹಿಡದೈತಿ. ಕಾಯಿ ಕಟ್ಟೂದು ಮ್ಯಾಲಿನಾಂವಗ ಬಿಟ್ಟಿದ್ದು."

ಅಂದರೆ ಸಿನಿಮಾ ಚೆನ್ನಾಗಿದೆ. ಕೆಟ್ಟದ್ದಾಗಿದ್ದರೆ, "ದಂಟು ಎತ್ತರ ಐತಿ, ತೆನಿ ಇಲ್ಲ." ಅಷ್ಟೇ. ಆ ಒಂದು ಮಾತಿಗೆ ಎಷ್ಟೋ ಮನೆಯವರು ಭಾನುವಾರದ ಗಂಗಾವತಿ ಪ್ರಯಾಣವನ್ನೇ ಕೈಬಿಟ್ಟಿದ್ದಾರೆ.

ಅರ್ಧ ನೋಡಿ ಕೊಟ್ಟ ತೀರ್ಪು ಪೂರ್ತಿ ನಿಲ್ಲುತ್ತದೆಯೇ? ಒಮ್ಮೆ "ಹೊಟ್ಟಿ ಹಿಡಕೊಂಡು ನಗಬೇಕು, ಅಂಥಾ ಪಿಚ್ಚರ್" ಎಂದ. ಮದುವೆ ಮಾತುಕತೆಗೆಂದು ಯಲಬುರ್ಗಾದಿಂದ ಬಂದಿದ್ದ ಬೀಗರನ್ನು ನಮ್ಮ ಓಣಿಯವರೊಬ್ಬರು ಖುಷಿಪಡಿಸಲು ಅದಕ್ಕೇ ಕರೆದೊಯ್ದರು. ಇಂಟರ್ವಲ್ ಆದಮೇಲೆ ಹೀರೋಯಿನ್ನಿಗೆ ರೋಗ ಬಂತು. ಆಕೆ ಸಿನಿಮಾ ಮುಗಿಯುವತನಕ ನಿಧಾನವಾಗಿ ಸತ್ತಳು. ತಿರುಗಿ ಬರುವ ಬಸ್ಸು ಕನಕಗಿರಿ ದಾಟಿದರೂ ಬೀಗತಿ ಅಳು ನಿಲ್ಲಿಸಲಿಲ್ಲ. ಮರುದಿನ ಓಣಿಯವರು ಕಾಕಾನ ಅಂಗಡಿಗೆ ಬಂದು ಜಗಳಕ್ಕೆ ನಿಂತರು.

"ಏನ್ರಿ ಕಾಕಾ, ನಗಬೇಕು ಅಂದಿದ್ರಿ?"

"ನಾ ಇದ್ದಾಗ ಎಲ್ಲಾರೂ ಆರಾಮ ಇದ್ರಪಾ," ಅಂದ ಕಾಕಾ. "ನಾ ಎದ್ದು ಬಂದಮ್ಯಾಲೆ ಆಕಿಗೆ ಏನಾತೋ ನನಗೇನು ಗೊತ್ತು."

ಈಗ ನನ್ನ ವಿಷಯ. ನಾನು ಮಿಮಿಕ್ರಿ ಕಲಾವಿದ. ಈ ಬಿರುದು ಕೊಟ್ಟವನೂ ನಾನೇ. ಒಮ್ಮೆ ತಾವರಗೇರಾದಲ್ಲಿ ಬಸ್ಸು ನಿಂತಾಗ ಕಂಡಕ್ಟರ್ ಸಾಹೇಬರು ಚಹಾಕ್ಕೆ ಇಳಿದಿದ್ದರು. ನಾನು ಕಿಟಕಿಗೆ ಕೂತು ಅವರದೇ ದನಿಯಲ್ಲಿ "ರೈಟ್, ರೈಟ್" ಅಂದೆ. ಬಸ್ಸು ಹೊರಟೇಬಿಟ್ಟಿತು. ಕಲೆ ಅಂದರೆ ಹಾಗಿರಬೇಕು. ಕಂಡಕ್ಟರ್ ಸಾಹೇಬರು ಯಾರದೋ ಮೋಟಾರ್ ಸೈಕಲ್ಲಿನ ಹಿಂದೆ ಕೂತು ಬಂದು ನಮ್ಮನ್ನು ಹಿಡಿದರು. ಅಲ್ಲಿಂದ ಕುಷ್ಟಗಿಯತನಕ ನನ್ನನ್ನು ನಿಲ್ಲಿಸಿಕೊಂಡೇ ಕರೆತಂದರು. ಸೀಟು ಖಾಲಿ ಇತ್ತು ಎಂಬುದನ್ನು ತಾವು ಗಮನಿಸಬೇಕು.

ಇಂಥ ಕಲಾವಿದನಿಗೆ ಆ ವರ್ಷ ಓಣಿಯ ಗಣಪತಿ ಪೆಂಡಾಲಿನಲ್ಲಿ ಮೊದಲ ಸಲ ಮೈಕು ಸಿಗುವ ಯೋಗ ಬಂತು. ಏನು ಮಾಡುತ್ತೀ ಎಂದು ಹಿರಿಯರು ಕೇಳಿದರು. ಕಾಕಾನ್ನ ಮಾಡುತ್ತೇನೆ ಎಂದೆ.

"ಬಸ್ ಸ್ಟ್ಯಾಂಡಿನ ಕಾಕಾನ್ನ ನಮ್ಮನಿ ಕೂಸೂ ಮಾಡತೈತಿ," ಅಂದರು. "ಕ್ಲೈಮ್ಯಾಕ್ಸ್ ನೋಡೂ ಕಾಕಾನ್ನ ಮಾಡ್ತಿಯೇನು? ಮಾಡಂಗಿದ್ರ ಮೈಕ್ ತಗೋ. ಇಲ್ಲಾಂದ್ರ ಭಜನಿಯವರು ಕೇಳಾಕತ್ಯಾರ."

ನನ್ನ ಇಡೀ ಕಲಾಜೀವನ ಅಲ್ಲಿಗೆ ಬಂದು ನಿಂತಿತು. ಕ್ಲೈಮ್ಯಾಕ್ಸಿನ ಹೊತ್ತಿಗೆ ಕಾಕಾನ ಮುಖ ಹೇಗಿರುತ್ತದೆ, ದನಿ ಹೇಗಿರುತ್ತದೆ? ಕಂಡವರು ಊರಲ್ಲಿ ಯಾರೂ ಇರಲಿಲ್ಲ.

ಸುಳಿವು ಇದ್ದದ್ದು ನನ್ನ ಗೆಳೆಯನ ಸೀಡಿ ಅಂಗಡಿಯಲ್ಲಿ. ನಾನು ಕಾಲೇಜಿಗೆ ಹೋಗಿದ್ದೇನೆಂದು ಮನೆಯವರು ನಂಬಿದ ಹೊತ್ತಿನಲ್ಲೆಲ್ಲ ಅಲ್ಲಿಯೇ ಇರುತ್ತಿದ್ದೆ. ಆಗ ಒಂದು ಸಿನಿಮಾ ಎರಡು ಸೀಡಿಯಲ್ಲಿ ಬರುತ್ತಿತ್ತು. ಇಂಟರ್ವಲ್ ತನಕ ಒಂದು, ಮುಂದಿನದಕ್ಕೆ ಇನ್ನೊಂದು. ಥೇಟರಿನಲ್ಲಿ ಅರ್ಧ ನೋಡಿ ಬಂದ ಸಿನಿಮಾ ಎಷ್ಟೋ ತಿಂಗಳಿಗೆ ಅಂಗಡಿಗೆ ಬಂದರೆ ಕಾಕಾ ಹಾಜರ್.

"ಎರಡನೇದು ಅಷ್ಟ ಕೊಡಪಾ."

ಮೊದಲನೆಯದನ್ನು ಕೈಯಿಂದಲೂ ಮುಟ್ಟುತ್ತಿರಲಿಲ್ಲ. ಒಮ್ಮೆ ಗೆಳೆಯ ಗಡಿಬಿಡಿಯಲ್ಲಿ ಬೇರೆಯೇ ಸಿನಿಮಾದ ಎರಡನೇ ಸೀಡಿ ಕೊಟ್ಟುಬಿಟ್ಟ. ಮೊದಲರ್ಧದಲ್ಲಿ ಭತ್ತದ ಗದ್ದೆಯಲ್ಲಿ ಹಾಡಿಕೊಂಡಿದ್ದ ಹೀರೋ ಮುಂದಿನರ್ಧದಲ್ಲಿ ಹಿಮದ ಗುಡ್ಡದ ಮೇಲೆ ಬಂದೂಕು ಹಿಡಿದು ನಿಂತಿದ್ದ, ಅದೂ ಬೇರೆ ಮುಖ ಇಟ್ಟುಕೊಂಡು. ಮರುದಿನ ನಾವಿಬ್ಬರೂ ಬೈಸಿಕೊಳ್ಳಲು ತಯಾರಾಗಿ ಕೂತೆವು. ಕಾಕಾ ಬಂದ, ಸೀಡಿ ಇಟ್ಟ.

"ಡೈರೆಕ್ಟರಗ ಧೈರ್ಯ ಭಾಳ ಐತಿ. ಊರು ಬದಲಿ ಮಾಡಿದ, ಹೀರೋನ್ನೂ ಬದಲಿ ಮಾಡಿದ, ಯಾಕಂತ ಒಂದ್ ಮಾತು ಹೇಳ್ಲಿಲ್ಲ. ನಿಮ್ಮ ಕಾಕೂಗ ಭಾಳ ಸೇರ್ತು."

ಕಾಕು ಅಂದರೆ ಕಾಕಾನ ಹೆಂಡತಿ. ಆಕೆ ಮಾಳಿಗೆಯ ಮೆಟ್ಟಿಲಿಂದ ಬಿದ್ದು ಸೊಂಟ ಮುರಿದುಕೊಂಡು ಬಹಳ ವರ್ಷವಾಗಿತ್ತು. ಮನೆಯೊಳಗೆ ಕೋಲು ಹಿಡಿದು ಓಡಾಡುತ್ತಿದ್ದಳು. ಬಸ್ಸು, ಥೇಟರಿನ ಕುರ್ಚಿ ಇವೆಲ್ಲ ಆಗುತ್ತಿರಲಿಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಕೂಡಿಸಿ ನೋಡುವ ಬುದ್ಧಿಯನ್ನು ಮಾತ್ರ ದೇವರು ನನಗೆ ಕೊಟ್ಟಿರಲಿಲ್ಲ. ಗಂಟಲು ಕೊಟ್ಟು ಸುಮ್ಮನಾಗಿದ್ದ.

ಹಬ್ಬ ಹತ್ತಿರ ಬಂದಾಗ ಕಾಕಾ ಹೇಳಿಟ್ಟಿದ್ದ ಸಿನಿಮಾ ಅಂಗಡಿಗೆ ಬಂತು. ಅದರ ಎರಡನೇ ಸೀಡಿಯನ್ನು ನಾನೇ ಮುಟ್ಟಿಸುತ್ತೇನೆಂದು ಹಿಡಿದುಕೊಂಡು ಮಧ್ಯಾಹ್ನ ಅವನ ಮನೆಗೆ ಹೋದೆ. ಬಾಗಿಲಲ್ಲೇ ನಿಂತುಬಿಟ್ಟೆ. ಒಳಗೆ ಸಿನಿಮಾ ನಡೆದಿತ್ತು. ಒಬ್ಬ ಗೌಡ ಗುಡುಗುತ್ತಿದ್ದ, ಅವನ ಮಗಳು ಬಿಕ್ಕುತ್ತಿದ್ದಳು, ನಡುವೆ ಒಂದು ಎಮ್ಮೆ ಒದರಿತು. ಇವರು ಬೇರೆ ಎಲ್ಲಿಂದಲೋ ಸೀಡಿ ತರಿಸಿದ್ದಾರೆ ಎಂದುಕೊಂಡೆ. ಆಮೇಲೆ ನೆನಪಾಯಿತು, ಓಣಿಗೆಲ್ಲ ಬೆಳಿಗ್ಗೆಯಿಂದ ಕರೆಂಟಿರಲಿಲ್ಲ.

ಇಣುಕಿದೆ. ಕಾಕು ಮಂಚದ ಮೇಲೆ ಬೆನ್ನಿಗೆ ದಿಂಬು ಕೊಟ್ಟು ಕೂತಿದ್ದಳು. ಕಾಕಾ ಟವೆಲನ್ನು ಸೆರಗು ಮಾಡಿಕೊಂಡು, ಮುಖ ಮುಚ್ಚಿ ಅಳುತ್ತಿದ್ದ. ಮರುಕ್ಷಣ ಟವೆಲು ತಲೆಗೇರಿ ರುಮಾಲಾಯಿತು, ಗೌಡ ಬಂದ. ನಾನು ಕನ್ನಡಿಯ ಮುಂದೆ ನಿಂತು ವರ್ಷಗಟ್ಟಲೆ ಗಂಟಲು ಹರಿದುಕೊಂಡು ಕಲಿತದ್ದನ್ನು ಈ ಮನುಷ್ಯ ಒಂದು ಟವೆಲಿನಲ್ಲಿ ಮುಗಿಸುತ್ತಿದ್ದ.

"ಅಲ್ಲರೀ, ಹಿಂದಕ ಹೇಳಿದಾಗ ಗೌಡಗ ಕೆಮ್ಮಿತ್ತು," ಅಂದಳು ಕಾಕು. "ಈಗ ಎಲ್ಲಿ ಹೋತು ಅದು?"

ಕಾಕಾ ಹೊಸ್ತಿಲತನಕ ಹಿಂದೆ ಹೋಗಿ, ಕೆಮ್ಮುತ್ತ ಮತ್ತೆ ಬಂದ.

ಕಾಕು ನನ್ನನ್ನು ಕಂಡಳು. "ಒಳಗ ಬಾರೋ ತಮ್ಮಾ. ಮೊದಲಿಂದು ಮುಗೀಲಿಕ್ಕೆ ಬಂತು. ಕರೆಂಟ್ ಬಂದಕೂಡಲೆ ಎರಡನೇದು ಹಾಕೂದು."

"ಕಾಕೂ, ಮೊದಲನೇ ಸೀಡೀನೂ ಸಿಗತೈತಿ."

"ಒಮ್ಮೆ ತರಿಸಿ ನೋಡೀನಪಾ. ಭಾಳ ಸಪ್ಪಗಿತ್ತು."

ನಾನು ಕಾಕಾನ ಕಡೆ ತಿರುಗಿದೆ. "ಅಲ್ಲ ಕಾಕಾ, ಅಲ್ಲೇ ಪೂರಾ ನೋಡಿ ಬಂದು, ಕಥಿ ಪೂರಾ ಹೇಳಬಹುದಲ್ಲ?"

ಅವನು ರುಮಾಲು ಬಿಚ್ಚಿ ಹೆಗಲಿಗೆ ಹಾಕಿಕೊಂಡ. "ಕೊನಿ ನನಗ ಗೊತ್ತಿದ್ರ ಮಾರಿ ಮ್ಯಾಲೆ ಬರತೈತಿ, ಆಕಿ ಹಿಡೀತಾಳ. ಆಮ್ಯಾಲೆ ಆಕಿ ಒಬ್ಬಾಕೀನ ಅಂಜಬೇಕು, ಒಬ್ಬಾಕೀನ ಅಳಬೇಕು. ಹಂಗ್ಯಾಕ? ಈಗ ಸೀಡಿ ಬರೂತನಕಾ ಮುಂದೇನಾತು ಅಂತ ಇಬ್ರೂ ಜಗಳಾಡ್ತೀವಿ. ಇದ ಛಲೋ."

ಹಬ್ಬದ ಸಂಜೆ ಮೈಕು ಹಿಡಿದೆ. ಆ ಮನೆಯಲ್ಲಿ ಕಂಡದ್ದನ್ನು ಮಾಡಬಾರದೆಂದು, ಕ್ಲೈಮ್ಯಾಕ್ಸಿಗೆ ಬೇರೆ ಏನೋ ಕಟ್ಟಿಕೊಂಡಿದ್ದೆ. ಕಾಕಾ ಮುಂದಿನ ಸಾಲಿನಲ್ಲೇ ಕೂತಿದ್ದ. ಬಸ್ಸು ಮಾಡಿದೆ, ಚಹಾ ಮಾಡಿದೆ, ಬಿತ್ತಿಗೆ ಮಾಡಿದೆ. ಜನ ನಕ್ಕರು. ನಕ್ಕರಲ್ಲ ಎಂದು ಉಬ್ಬಿ, ಕಾಕಾನದೇ ದನಿಯಲ್ಲಿ, "ಈಗ ಇಂಟರ್ವಲ್" ಅಂದೆ.

ನಿಜವಾದ ಕಾಕಾ ಎದ್ದ. ಟವೆಲ್ ಹೆಗಲಿಗೇರಿಸಿ, ಪೆಂಡಾಲಿನ ಬದಿಯ ಗಾಡಿಯಲ್ಲಿ ಮಿರ್ಚಿ ಕಟ್ಟಿಸಿಕೊಂಡು ಹೊರಟೇಹೋದ. ಪೆಂಡಾಲು ಬಿದ್ದು ಬಿದ್ದು ನಕ್ಕಿತು. "ಮಗನ, ನಿನಗೂ ತೆನಿ ಇಲ್ಲಂತ ನೋಡು," ಎಂದು ಯಾರೋ ಕೂಗಿದರು. ಅವನು ಯಾಕೆ ಎದ್ದನೆಂದು ನನಗೊಬ್ಬನಿಗೇ ಗೊತ್ತಿತ್ತು. ಮುಂದಿನರ್ಧ ಬಾಯಿಂದ ಹೊರಡಲಿಲ್ಲ. ಭಜನೆಯವರು ತಾಳ ಕೈಯಲ್ಲೇ ಹಿಡಿದು ಕಾದಿದ್ದರು, ಮೈಕು ಇಸಿದುಕೊಂಡರು.

ಮರುದಿನ ಬೆಳಿಗ್ಗೆ ಕಾಕಾನ ಮನೆಗೆ ಹೋದೆ. ಒಳಗಿನಿಂದ ನನ್ನದೇ ದನಿ ಕೇಳಿಸುತ್ತಿತ್ತು. ಕಾಕಾ ನನ್ನನ್ನು ಮಾಡುತ್ತಿದ್ದ. ಕಾಕಾನನ್ನು ಮಾಡುತ್ತಿದ್ದ ನನ್ನನ್ನು. ಮೈಕನ್ನು ಮತ್ತೆ ಮತ್ತೆ ತಟ್ಟಿ ನೋಡುವುದು, ಜನ ನಗುವ ಮೊದಲೇ ನಾನು ನಕ್ಕು ದಾರಿ ತೋರಿಸುವುದು, ಒಂದನ್ನೂ ಬಿಟ್ಟಿರಲಿಲ್ಲ. ನನಗಿಂತ ಅವನೇ ಚೆನ್ನಾಗಿ ನಾನಾಗಿದ್ದ. ಕಾಕು ಸೊಂಟ ಹಿಡಿದುಕೊಂಡು ನಗುತ್ತಿದ್ದಳು.

ನನ್ನನ್ನು ಕಂಡದ್ದೇ ಕಾಕಾ ಅಲ್ಲಿಗೇ ನಿಲ್ಲಿಸಿದ. ಟವೆಲು ತೆಗೆದು ನನ್ನ ಕೈಗೆ ಕೊಟ್ಟ. ಮಂಚದ ಮೇಲೆ ಕಾಕೂನ ಮಗ್ಗುಲಿಗೆ ಜಾಗ ಮಾಡಿಕೊಂಡು ಕೂತ.

"ಹೂಂ," ಅಂದಳು ಕಾಕು, "ಇನ್ನ ಎರಡನೇದು ಹಾಕಪಾ."